ಮೂರನೇ ರಾತ್ರಿ ಕಂಡ ಇರುವೆ ಸಾಲು: ಕುಡಿತ ಬಿಡಿಸುವ ಮುನ್ನ ಗೊತ್ತಿರಬೇಕಾದದ್ದು

ಪ್ರಶ್ನೆ (ಹರಿಹರ ತಾಲೂಕಿನ ಓದುಗರೊಬ್ಬರಿಂದ):

"ಡಾಕ್ಟ್ರೇ, ನಮ್ಮ ಮನೆಯವರಿಗೆ 43 ವರ್ಷ. ಲಾರಿ ಓಡಿಸ್ತಾರೆ. ದಾವಣಗೆರೆಯಿಂದ ಮೆಕ್ಕೆಜೋಳ ತುಂಬ್ಕೊಂಡು ನಾಮಕ್ಕಲ್ ಕಡೆ ಹೋಗಿ ಬರ್ತಾರೆ. ಮದುವೆಯಾದ ಹೊಸದರಲ್ಲಿ ಟ್ರಿಪ್ಪು ಮುಗಿಸಿ ಬಂದ ರಾತ್ರಿ ಮಾತ್ರ ಕುಡೀತಿದ್ರು. ಈಗ ದಿನಾ ಎರಡು ಕ್ವಾರ್ಟರ್ ಬೇಕು. ಬೆಳಿಗ್ಗೆ ಎದ್ದ ಕೂಡ್ಲೇ ಒಂದು ನೈಂಟಿ ಟೆಟ್ರಾ ಪ್ಯಾಕ್ ಒಳಗೆ ಹೋಗದಿದ್ರೆ ಚಾ ಲೋಟ ಹಿಡಿಯೋಕೂ ಕೈ ನಡುಗುತ್ತೆ. ಓನರ್ ಎರಡು ಸಲ ಕೆಲಸ ಬಿಡಿಸಿ ಮತ್ತೆ ಕರೆದಿದ್ದಾರೆ.

ಹೋದ ತಿಂಗಳು ನಮ್ಮತ್ತೆ ದುಗ್ಗಮ್ಮನ ಗುಡಿಗೆ ಕರ್ಕೊಂಡು ಹೋಗಿ ಆಣೆ ಮಾಡಿಸಿದ್ರು. ಅವತ್ತಿಂದ ಮುಟ್ಟಲಿಲ್ಲ. ಮಾರನೇ ದಿನ ಮೈಯೆಲ್ಲಾ ಬೆವರು, ವಾಂತಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿದ್ವಿ. ಮೂರನೇ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಹೊರಟಿದೆ ಅಂದ್ರು. ಒಂದು ಇರುವೆಯೂ ಇರಲಿಲ್ಲ. ಹಾಸಿಗೇಲಿ ಎದ್ದು ಕೂತು ಸ್ಟೇರಿಂಗ್ ತಿರುಗಿಸಿದ ಹಾಗೆ ಕೈ ಆಡಿಸ್ತಾ 'ಸೈಡ್ ಕೊಡೋ' ಅಂತ ಕೂಗ್ತಿದ್ರು. ನನ್ನನ್ನೇ ಕ್ಲೀನರ್ ಹುಡುಗನ ಹೆಸರು ಹಿಡಿದು ಕರೆದ್ರು. ಗಾಳಿ ಸೋಕಿದೆ ಅಂತ ನಮ್ಮತ್ತೆ ನಿಂಬೆಹಣ್ಣು ಇಳಿ ತೆಗೆದ್ರು. ಕೊನೆಗೆ ಮೈದುನ ಒಂದು ನೈಂಟಿ ಕುಡಿಸಿದ, ಬೆಳಗಿನ ಜಾವಕ್ಕೆ ಮಲಗಿದ್ರು. ಈಗ ಮತ್ತೆ ಅದೇ ಕಥೆ.

ಐದು ವರ್ಷದ ಹಿಂದೆ ಅಯ್ಯಪ್ಪನ ಮಾಲೆ ಹಾಕ್ಕೊಂಡು 48 ದಿನ ಒಂದು ತೊಟ್ಟೂ ಮುಟ್ಟದೆ ಇದ್ದವರು ಇವರೇ. ಆಗ ಆಗಿದ್ದು ಈಗ ಯಾಕೆ ಆಗಲ್ಲ? ಇದು ರೋಗವೋ, ಹಠವೋ? ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸೋ ಪುಡಿ ಸಿಗುತ್ತೆ, ತರಿಸ್ತೀನಿ ಅಂತಾನೆ ಮೈದುನ. ಆರು ತಿಂಗಳು ಒಳಗೆ ಕೂಡಿ ಹಾಕಿ ಬಿಡಿಸೋ ಸೆಂಟರ್ ಒಂದಿದೆಯಂತೆ, ಅವರೇ ಗಾಡಿ ತಂದು ಎತ್ಕೊಂಡು ಹೋಗ್ತಾರಂತೆ. ಯಾವುದು ಮಾಡಲಿ? ಮಗನಿಗೆ 15. ಅವನಿಗೂ ಇದು ಬರುತ್ತಾ? ಅದೇ ನನಗೆ ಹೆಚ್ಚು ಭಯ."

ಉತ್ತರ:

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ ಅಮ್ಮ. ಅವಕ್ಕೆ ಬರುವ ಮೊದಲು ನೀವು ಕೇಳದೇ ಬಿಟ್ಟ ಒಂದನ್ನು ಹೇಳಿಬಿಡುತ್ತೇನೆ. ಆಣೆ ಮಾಡಿಸಿ, ಬೀಗ ಹಾಕಿ, ದುಡ್ಡು ಕಿತ್ತುಕೊಂಡು, ಹೇಗಾದರೂ ಸರಿ ಎಂದು ಇನ್ನೊಮ್ಮೆ ಮನೆಯಲ್ಲೇ ದಿಢೀರನೆ ಬಿಡಿಸಲು ಹೋಗಬೇಡಿ. ಆ ಮೂರನೇ ರಾತ್ರಿ ನಿಮ್ಮ ಮನೆಯವರ ಜೀವ ಅಪಾಯದಲ್ಲಿತ್ತು.

ಇರುವೆ ಕಾಣುವುದು, ಇಲ್ಲದ ಸ್ಟೇರಿಂಗ್ ತಿರುಗಿಸುವುದು, ಹೆಂಡತಿಯ ಗುರುತು ಸಿಗದಿರುವುದು. ಇದಕ್ಕೆ ನಮ್ಮಲ್ಲಿ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತೇವೆ, ವಾರ್ಡಿನಲ್ಲಿ ಚಿಕ್ಕದಾಗಿ ಡಿಟಿ. ಡ್ರೈವರಾದರೆ ಗಾಡಿ ಓಡಿಸುತ್ತಾನೆ, ದರ್ಜಿಯಾದರೆ ಗಾಳಿಯಲ್ಲಿ ಸೂಜಿಗೆ ದಾರ ಪೋಣಿಸುತ್ತಾನೆ, ಹೋಟೆಲಿನವನಾದರೆ ಹಾಸಿಗೆಯ ಮೇಲೆ ದೋಸೆ ಹುಯ್ಯುತ್ತಾನೆ. ಕೈಗೆ ರೂಢಿಯಾದ ಕೆಲಸವನ್ನು ಕಲಸಿಹೋದ ಮನಸ್ಸು ಮಾಡುತ್ತಲೇ ಇರುತ್ತದೆ. ನೋಡಿದವರಿಗೆ ಗಾಳಿ, ದೆವ್ವ ಅನ್ನಿಸುವುದು ಸಹಜ. ನಿಮ್ಮತ್ತೆಯವರನ್ನು ದೂರಲಾರೆ, ಓದಿದವರ ಮನೆಯಲ್ಲೂ ಇದೇ ನಡೆಯುತ್ತದೆ.

ಒಳಗೆ ಆಗುವುದು ಇಷ್ಟು. ಮದ್ಯ ಮೆದುಳನ್ನು ಮಂಕು ಮಾಡುವ ವಸ್ತು. ಅದು ದಿನಾ ಬರತೊಡಗಿದರೆ ಮೆದುಳು ಸುಮ್ಮನಿರುವುದಿಲ್ಲ, ಎಚ್ಚರವಾಗಿರಲು ತನ್ನನ್ನು ಕೆರಳಿಸುವ ರಾಸಾಯನಿಕಗಳ ಜೋರನ್ನು ಏರಿಸಿಕೊಳ್ಳುತ್ತದೆ. ಬಾಗಿಲನ್ನು ಹೊರಗಿನಿಂದ ಒಬ್ಬ ತಳ್ಳುತ್ತಿದ್ದಾನೆ, ಒಳಗಿನಿಂದ ಇನ್ನೊಬ್ಬ ಅಷ್ಟೇ ಬಲದಿಂದ ಒತ್ತಿ ಹಿಡಿದಿದ್ದಾನೆ ಎಂದುಕೊಳ್ಳಿ. ಹೊರಗಿನವನು ಏಕಾಏಕಿ ಕೈಬಿಟ್ಟರೆ ಒಳಗಿನವನು ಮುಗ್ಗರಿಸಿ ಬೀದಿಗೆ ಬೀಳುತ್ತಾನೆ. ಕೊನೆಯ ಗುಟುಕಿನ ಆರೆಂಟು ಗಂಟೆಯ ನಂತರ ಕೈ ನಡುಕ, ಬೆವರು, ವಾಕರಿಕೆ ಶುರು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಡಿಟಿ. ರಕ್ತದೊತ್ತಡ ಏರಿ, ಜ್ವರ ಬಂದು, ಹೃದಯದ ಬಡಿತ ಕೆಟ್ಟು ಪ್ರಾಣ ಹೋಗುವುದೂ ಉಂಟು. ಮೈದುನ ಕುಡಿಸಿದ ನೈಂಟಿ ಹೊರಗಿನವನನ್ನು ಮತ್ತೆ ಬಾಗಿಲಿಗೆ ನಿಲ್ಲಿಸಿತು, ಅದಕ್ಕೇ ಮಲಗಿದರು. ಒಮ್ಮೆ ಡಿಟಿ ಆದವರಿಗೆ ಮುಂದಿನ ಸಲ ಬಿಟ್ಟಾಗಲೂ ಅದು ಮರುಕಳಿಸುವ ಸಾಧ್ಯತೆ ಹೆಚ್ಚು, ಇನ್ನೂ ಜೋರಾಗಿಯೇ ಬರಬಹುದು.

ಆ ಗ್ಲೂಕೋಸ್ ಬಾಟಲಿಯ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಕುಡಿದವರಿಗೆ ಸುಸ್ತಾದರೆ ಮೊದಲು ನೆನಪಾಗುವುದು ಗ್ಲೂಕೋಸ್. ವರ್ಷಗಟ್ಟಲೆ ಕುಡಿದು ಸರಿಯಾಗಿ ಉಣ್ಣದವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಗ್ಲೂಕೋಸನ್ನು ಅರಗಿಸಿಕೊಳ್ಳಲು ದೇಹಕ್ಕೆ ಬೇಕಾದದ್ದು ಅದೇ. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದ ಚೂರುಪಾರೂ ಖರ್ಚಾಗಿ, ಕಣ್ಣುಗುಡ್ಡೆ ಅದುರುವುದು, ನಡಿಗೆ ತೂರಾಡುವುದು, ಮನಸ್ಸು ಕಲಸಿಹೋಗುವುದು ಆಗಬಹುದು. ವರ್ನಿಕೆ ಎಂಬ ಈ ಸ್ಥಿತಿಗೆ ಕೂಡಲೇ ಚಿಕಿತ್ಸೆ ಸಿಗದಿದ್ದರೆ ಕೆಲವರಿಗೆ ಹೊಸ ನೆನಪು ನಿಲ್ಲುವುದೇ ಇಲ್ಲ. ಆದ್ದರಿಂದ ಯಾವ ಕ್ಲಿನಿಕ್ಕಿಗೆ ಹೋದರೂ "ಇವರು ದಿನಾ ಕುಡಿಯುವವರು, ಥಯಾಮಿನ್ ಇಂಜೆಕ್ಷನ್ ಮೊದಲು ಕೊಡ್ತೀರಾ?" ಎಂದು ನೀವೇ ಕೇಳಿ. ಸಂಕೋಚ ಬೇಡ.

ಈಗ ಮಾಲೆಯ ವಿಷಯ. ಈ ಪ್ರಶ್ನೆ ನಮ್ಮ ಓಪಿಡಿಯಲ್ಲಿ ಎಷ್ಟು ಸಲ ಬರುತ್ತದೆ ಎಂದರೆ, ನವೆಂಬರ್ ಮಧ್ಯದಲ್ಲಿ ಮಾಲೆ ಹಾಕಿದ ಎರಡನೇ ದಿನ ಫಿಟ್ಸ್ ಬಂದವರನ್ನೂ, ಸಂಕ್ರಾಂತಿ ಕಳೆದ ವಾರ ಮಾಲೆ ತೆಗೆದು ಮತ್ತೆ ಶುರು ಮಾಡಿಕೊಂಡವರನ್ನೂ ನಾವು ಎದುರುನೋಡುತ್ತಲೇ ಇರುತ್ತೇವೆ. "48 ದಿನ ಬಿಟ್ಟಿದ್ದ, ಅಂದ್ರೆ ಮನಸ್ಸು ಮಾಡಿದ್ರೆ ಬಿಡ್ತಾನೆ, ಚಟ ಏನಲ್ಲ" ಎನ್ನುವುದು ಮನೆಯವರ ವಾದ. ಐದು ವರ್ಷದ ಹಿಂದೆ ಅವರಿಗೆ ಬೆಳಗಿನ ನಡುಕ ಇತ್ತೇ? ಬಹುಶಃ ಇರಲಿಲ್ಲ. ಅಂದು ದೇಹ ಮದ್ಯವನ್ನು ಬಯಸುತ್ತಿತ್ತು, ಇಂದು ದೇಹ ಅದರ ಮೇಲೆ ನಿಂತಿದೆ. ಜೊತೆಗೆ ವ್ರತದಲ್ಲಿ ಏನೆಲ್ಲ ಇತ್ತು ನೋಡಿ: ಬೆಳಗಿನ ತಣ್ಣೀರ ಸ್ನಾನ, ಎರಡು ಹೊತ್ತು ಪೂಜೆ, ಸಂಜೆ ಭಜನೆ, ಜೊತೆಗೆ ಹತ್ತು ಜನ ಸ್ವಾಮಿಗಳು. ಊರಿನವರೆಲ್ಲ "ಸ್ವಾಮಿ" ಎಂದು ಕರೆಯುತ್ತಾರೆ, "ಬಾ ಒಂದು ಹಾಕೋಣ" ಎನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ಮಾಲೆ ತೆಗೆದ ಮರುದಿನ ಇದಷ್ಟೂ ಇಲ್ಲವಾಗುತ್ತದೆ. ಒಳ್ಳೆಯ ಚಿಕಿತ್ಸೆ ಮಾಡಲು ಹೊರಡುವುದೂ ಇದನ್ನೇ. ಹೊತ್ತಿಗೆ ಸರಿಯಾದ ದಿನಚರಿ, ಬಿಟ್ಟವರ ಸಹವಾಸ, ಕೇಳುವವರೊಬ್ಬರು. ಅವಧಿ ಮಾತ್ರ 48 ದಿನವಲ್ಲ, ಕಡಿಮೆಯೆಂದರೆ ಒಂದು ವರ್ಷ.

ಬಿಡುವುದು ಒಂದು ವಾರದ ಕೆಲಸ, ಬಿಟ್ಟೇ ಇರುವುದು ವರ್ಷದ ಕೆಲಸ. ನಮ್ಮ ಮನೆಗಳಲ್ಲಿ ಶಕ್ತಿಯೆಲ್ಲ ಮೊದಲನೆಯದಕ್ಕೇ ಖರ್ಚಾಗುತ್ತದೆ.

ರೋಗವೋ ಹಠವೋ? ವೈದ್ಯರು ನೋಡುವ ಲಕ್ಷಣಗಳು ಆರು. ಕುಡಿಯಲೇಬೇಕೆಂಬ ತಡೆಯಲಾಗದ ಬಯಕೆ, ಶುರು ಮಾಡಿದರೆ ನಿಲ್ಲಿಸಲಾಗದಿರುವುದು, ಮೊದಲಿನಷ್ಟು ಸಾಲದೆ ಹೆಚ್ಚು ಬೇಕಾಗುವುದು, ಬಿಟ್ಟರೆ ಮೈ ಕೆಡುವುದು, ಬೇರೆಲ್ಲ ಕೆಲಸ ಸಂತೋಷ ಹಿಂದೆ ಬೀಳುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಸುವುದು. ಒಂದು ವರ್ಷದೊಳಗೆ ಇವುಗಳಲ್ಲಿ ಮೂರು ಒಟ್ಟಿಗೆ ಕಂಡರೂ ಅವಲಂಬನೆ ಎನ್ನುತ್ತೇವೆ. ನಿಮ್ಮ ಪತ್ರದಲ್ಲೇ ನಾಲ್ಕು ಕಾಣುತ್ತಿವೆ. ಹಾಗಾಗಿ ಇದು ರೋಗ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಮದ್ಯದ ದುರ್ಬಳಕೆಯಿಂದ ಬರುವ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಹಾಗೆಂದು ರೋಗಿಯ ಹೊಣೆ ಮುಗಿಯಿತು ಎಂದು ನಾನು ಹೇಳುವುದಿಲ್ಲ. ಸಕ್ಕರೆ ಕಾಯಿಲೆ ಬಂದದ್ದು ಯಾರ ತಪ್ಪೂ ಅಲ್ಲದಿರಬಹುದು, ಮಾತ್ರೆ ನುಂಗಬೇಕಾದವರು ಅವರೇ ತಾನೇ? ಕುಡಿದು ಕೈ ಎತ್ತಿದರೆ ಅದು ಕೈ ಎತ್ತಿದ್ದೇ. ಅದನ್ನು ಕಾಯಿಲೆಯ ಖಾತೆಗೆ ಬರೆದು ಸುಮ್ಮನಾಗಬೇಡಿ. ಹಾಗೇನಾದರೂ ನಡೆದರೆ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಎಷ್ಟು ಕುಡಿಯುತ್ತಿದ್ದಾರೆ ಎಂಬುದನ್ನೂ ಲೆಕ್ಕ ಹಾಕೋಣ, ಏಕೆಂದರೆ "ದಿನಕ್ಕೆ ಎರಡೇ ಕ್ವಾರ್ಟರ್" ಎನ್ನುವ ಮಾತು ಕಿವಿಗೆ ಚಿಕ್ಕದಾಗಿ ಕೇಳುತ್ತದೆ. ಒಂದು ಕ್ವಾರ್ಟರ್ ಎಂದರೆ 180 ಎಂಎಲ್. ವಿಸ್ಕಿ, ರಮ್, ಬ್ರಾಂದಿ ಯಾವುದೇ ಇರಲಿ, ಶೇ 42.8ರ ತೀವ್ರತೆಯಲ್ಲಿ ಅದರೊಳಗೆ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಎರಡು ಕ್ವಾರ್ಟರ್, ಮೇಲೊಂದು ನೈಂಟಿ (90 ಎಂಎಲ್) ಎಂದರೆ ದಿನಕ್ಕೆ 150 ಗ್ರಾಂ. ನಾವು 10 ಗ್ರಾಮನ್ನು ಒಂದು ಅಳತೆ ಎಂದು ಎಣಿಸುತ್ತೇವೆ, ಅಂದರೆ ದಿನಕ್ಕೆ 15 ಅಳತೆ. "ಹಾಟ್ ಬಿಟ್ಟು ಬಿಯರ್ ಕುಡೀತೀನಿ" ಎನ್ನುವ ರಾಜಿಗೂ ಅರ್ಥವಿಲ್ಲ. ಶೇ 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ 40 ಗ್ರಾಂ ಇರುತ್ತದೆ. ಒಳ್ಳೆ ಬ್ರ್ಯಾಂಡು ಲಿವರಿಗೆ ಏನೂ ಮಾಡುವುದಿಲ್ಲ ಎಂಬುದೂ ಅಷ್ಟೇ. ಲಿವರ್ ಲೇಬಲ್ ಓದುವುದಿಲ್ಲ, ಗ್ರಾಂ ಎಣಿಸುತ್ತದೆ. (ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಸಾರಾಯಿ ಅಂಗಡಿ ಹೋಯಿತು. ಬೆಳಗಿನ ನಡುಕಕ್ಕೆ ಜೇಬಿನಲ್ಲಿ ಹಿಡಿಯುವ ಟೆಟ್ರಾ ಪ್ಯಾಕ್ ಬಂತು. ನನ್ನ ಮಟ್ಟಿಗೆ ಆ ಚಿಕ್ಕ ಡಬ್ಬಿ ಮಾಡಿದಷ್ಟು ಕೇಡು ದೊಡ್ಡ ಬಾಟಲಿ ಮಾಡಿಲ್ಲ.)

ಇನ್ನು ಮೈದುನರ ಪುಡಿ. ದಯವಿಟ್ಟು ತರಿಸಬೇಡಿ. ಹೆಸರಿಲ್ಲದ ಪುಡಿಯಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಏನೂ ಇಲ್ಲದಿದ್ದರೆ ದುಡ್ಡು ದಂಡ. ಅದರಲ್ಲಿ ಡೈಸಲ್ಫಿರಾಂ ಇದ್ದರೆ ಮಾತ್ರ ಅನಾಹುತ. ಈ ಔಷಧ ಮೈಯಲ್ಲಿದ್ದಾಗ ಮದ್ಯ ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಮುಖ ಕೆಂಪೇರಿ, ಎದೆ ಡವಗುಟ್ಟಿ, ತಲೆ ಸಿಡಿದು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತನಗೆ ಏನು ಕೊಟ್ಟಿದ್ದಾರೆ ಎಂದೇ ತಿಳಿಯದ ಮನುಷ್ಯ, ಹದಿನಾರು ಟನ್ ಜೋಳ ಹೇರಿದ ಲಾರಿಯ ಸ್ಟೇರಿಂಗ್ ಹಿಂದೆ ಕೂತಿದ್ದಾಗ ಹೀಗಾದರೆ? ಬೇರೆಯವರ ಜೀವವೂ ಅದರಲ್ಲಿ ಸೇರಿದೆ. ಇನ್ನೊಂದು, ಗುಟ್ಟು ಒಂದಲ್ಲ ಒಂದು ದಿನ ಬಯಲಾಗುತ್ತದೆ. ಆಮೇಲೆ ನೀವು ಬಡಿಸಿದ ತಟ್ಟೆಯನ್ನೂ ಅವರು ಅನುಮಾನದಿಂದ ನೋಡುತ್ತಾರೆ. ಕುಡಿತದ ಜೊತೆ ಹೆಂಡತಿಯ ಮೇಲಿನ ಸಂಶಯ ಮೊದಲೇ ಸುಲಭವಾಗಿ ಬೆಳೆಯುತ್ತದೆ, ಅದಕ್ಕೆ ನೀವಾಗಿ ಗೊಬ್ಬರ ಹಾಕಬೇಡಿ.

ಇದೇ ಡೈಸಲ್ಫಿರಾಂ ರೋಗಿಗೆ ತಿಳಿಸಿ, ಒಪ್ಪಿಸಿ ಕೊಟ್ಟರೆ ಒಳ್ಳೆಯ ಔಷಧ ಎಂಬುದನ್ನೂ ಹೇಳಬೇಕು. ಹೃದಯದ ತೊಂದರೆ, ತೀವ್ರ ಲಿವರ್ ಕಾಯಿಲೆ, ಚಿತ್ತಭ್ರಮೆ ಇರುವವರಿಗೆ ಕೊಡುವುದಿಲ್ಲ. ಕೊನೆಯ ಗುಟುಕಾಗಿ ಒಂದು ದಿನವಾದರೂ ಕಳೆದ ಮೇಲೆ, ರಕ್ತ ಪರೀಕ್ಷೆ ನೋಡಿ ಶುರು ಮಾಡುತ್ತೇವೆ. ಬೆಳಿಗ್ಗೆ ಹೆಂಡತಿಯೋ ತಾಯಿಯೋ ಎದುರಿಗೆ ನಿಂತು ನುಂಗಿಸುತ್ತಾರೆ. ಆ ಒಂದು ನಿಮಿಷದ ನಿರ್ಧಾರ ಇಡೀ ದಿನವನ್ನು ಕಾಯುತ್ತದೆ. ಮಾತ್ರೆ ನಿಲ್ಲಿಸಿದರೂ ಅದರ ಪ್ರಭಾವ ಎರಡು ವಾರದವರೆಗೆ ಇರಬಹುದು. ಕೆಮ್ಮಿನ ಕೆಲವು ಸಿರಪ್ಪುಗಳಲ್ಲಿ, ದ್ರಾಕ್ಷಾರಿಷ್ಟ ದಶಮೂಲಾರಿಷ್ಟಗಳಂಥ ಆಯುರ್ವೇದ ಅರಿಷ್ಟಗಳಲ್ಲಿ ಆಲ್ಕೋಹಾಲ್ ಇರುವುದರಿಂದ ಅವನ್ನೂ ದೂರ ಇಡಬೇಕು. ಆದರೆ ನಿಮ್ಮ ಮನೆಯವರು ವಾರದಲ್ಲಿ ನಾಲ್ಕೈದು ದಿನ ಹೆದ್ದಾರಿಯ ಮೇಲಿರುವವರು. ಎದುರಿಗೆ ನಿಂತು ನುಂಗಿಸುವವರು ಯಾರು? ಅದಕ್ಕೇ ಅವರ ಮಟ್ಟಿಗೆ ನಾನು ಮೊದಲು ಯೋಚಿಸುವುದು ಬೇರೆ ಎರಡನ್ನು.

ಒಂದು ನಾಲ್ಟ್ರೆಕ್ಸೋನ್. ದಿನಕ್ಕೊಂದು ಮಾತ್ರೆ. ಕುಡಿದಾಗ ಮೆದುಳಿಗೆ ಸಿಗುವ "ಕಿಕ್" ಅನ್ನು ಇದು ತಗ್ಗಿಸುತ್ತದೆ, ಒಂದು ಜಾರಿದರೂ ಹತ್ತಕ್ಕೆ ಹೋಗದಂತೆ ಹಿಡಿಯುತ್ತದೆ. ಮೊದಲು ಲಿವರ್ ಪರೀಕ್ಷೆ ಬೇಕು. ದೂರದ ಟ್ರಿಪ್ಪಿನ ಡ್ರೈವರುಗಳಲ್ಲಿ ಕೆಲವರು ಮೈಕೈ ನೋವಿಗೆ ಟ್ರಮಡಾಲ್ ಮಾತ್ರೆ ನುಂಗುತ್ತಿರುತ್ತಾರೆ, ಮನೆಯಲ್ಲಿ ಹೇಳಿರುವುದಿಲ್ಲ. ಆ ಜಾತಿಯ ನೋವಿನ ಮಾತ್ರೆಯ ಜೊತೆ ನಾಲ್ಟ್ರೆಕ್ಸೋನ್ ಕೂಡದು. ಹಾಗಾಗಿ ಅವರ ಲಾರಿಯ ಕ್ಯಾಬಿನ್ನಿನಲ್ಲಿರುವ ಎಲ್ಲ ಮಾತ್ರೆಗಳನ್ನೂ ತಂದು ಡಾಕ್ಟರಿಗೆ ತೋರಿಸಿ.

ಇನ್ನೊಂದು ಅಕಾಂಪ್ರೊಸೇಟ್. ಬಿಟ್ಟ ಮೇಲೂ ತಿಂಗಳುಗಟ್ಟಲೆ ಕಾಡುವ ಚಡಪಡಿಕೆ, ನಿದ್ದೆಗೇಡು, ಬಯಕೆಯನ್ನು ಇದು ಇಳಿಸುತ್ತದೆ. ಲಿವರಿನ ಮೇಲೆ ಭಾರ ಹಾಕುವುದಿಲ್ಲ, ಕಿಡ್ನಿ ಸರಿ ಇರಬೇಕು. ತೊಂದರೆ ಏನೆಂದರೆ ದಿನಕ್ಕೆ ಮೂರು ಹೊತ್ತು ಎರಡೆರಡು ಮಾತ್ರೆ, ಮರೆಯುವವರೇ ಹೆಚ್ಚು. ಲಿವರ್ ಈಗಾಗಲೇ ಗಟ್ಟಿಯಾಗಿ ಸಿರೋಸಿಸ್ ಆಗಿದ್ದರೆ ಬ್ಯಾಕ್ಲೋಫೆನ್ ಎಂಬುದನ್ನು ನೋಡುತ್ತೇವೆ. ಇವ್ಯಾವುವೂ ಮಂತ್ರದ ಮಾತ್ರೆಗಳಲ್ಲ, ಕುಡಿಯದಿರುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ ಅಷ್ಟೇ. "ಇಂಗ್ಲಿಷ್ ಮಾತ್ರೆ ಲಿವರ್ ತಿನ್ನುತ್ತೆ" ಎಂದು ಹೆದರಿ, ದಿನಕ್ಕೆ 150 ಗ್ರಾಂ ಮದ್ಯವನ್ನು ಲಿವರಿಗೆ ಬಿಡುವುದು ಎಂಥ ಲೆಕ್ಕ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಇವೆಲ್ಲ ಎರಡನೇ ಹಂತ. ಮೊದಲ ಹಂತ ಡಿಟಾಕ್ಸ್, ಅಂದರೆ ಸುರಕ್ಷಿತವಾಗಿ ಬಿಡಿಸುವುದು. ಡಿಟಿ ಆದ ಚರಿತ್ರೆ ಇರುವುದರಿಂದ ನಿಮ್ಮವರಿಗೆ ಅಡ್ಮಿಟ್ ಆಗಿಯೇ ಆಗಬೇಕು, ಮನೆಯಲ್ಲಿ ಬೇಡ. ಐದರಿಂದ ಹತ್ತು ದಿನ. ಕ್ಲೋರ್‌ಡೈಯಾಜೆಪಾಕ್ಸೈಡ್ ಅಥವಾ ಡಯಾಜೆಪಾಂ ಕೊಟ್ಟು ದಿನೇದಿನೇ ಇಳಿಸುತ್ತೇವೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಂ. ಜೊತೆಗೆ ಥಯಾಮಿನ್. ಡಿಸ್ಚಾರ್ಜ್ ಹೊತ್ತಿಗೆ ಈ ನಿದ್ದೆ ತರುವ ಮಾತ್ರೆಗಳು ನಿಂತಿರಬೇಕು, ಇಲ್ಲವೇ ಎಂದು ನಿಲ್ಲಬೇಕು ಎಂದು ಬರೆದುಕೊಟ್ಟಿರಬೇಕು. "ಹೋದ ಸಲ ಕೊಟ್ಟಿದ್ದೇ ಕೊಡಿ" ಎಂದು ಮೆಡಿಕಲ್ ಶಾಪಿನಿಂದ ತಂದು ನುಂಗಿಸಬೇಡಿ. ಇವುಗಳಿಗೂ ಚಟ ಹತ್ತುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರಾಟವನ್ನೇ ಅಡಗಿಸಬಲ್ಲವು. ಈ ಮಾತ್ರೆಗಳ ಮೇಲಿರುವಷ್ಟು ದಿನ ಗಾಡಿ ಮುಟ್ಟುವಂತಿಲ್ಲ, ಓನರಿಗೆ ಮೊದಲೇ ಹೇಳಿ ರಜೆ ಪಡೆಯಿರಿ.

ಎಲ್ಲಿ? ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಬನ್ನಿ. ಜೆಜೆಎಂ ಮತ್ತು ಎಸ್‌ಎಸ್ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳೂ ಇವೆ. ಚಿತ್ರದುರ್ಗದ ಕಡೆಯವರಿಗೆ ಅಲ್ಲಿನ ಜಿಲ್ಲಾಸ್ಪತ್ರೆ, ಬಸವೇಶ್ವರ ವೈದ್ಯಕೀಯ ಕಾಲೇಜು. ಅಷ್ಟು ದೂರ ಬರಲು ಅವರು ಒಪ್ಪದಿದ್ದರೆ, ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಕ್ಲಿನಿಕ್ ನಡೆಯುತ್ತದೆ, ಹರಿಹರದಲ್ಲಿ ವಿಚಾರಿಸಿ. ಜಟಿಲವಾದ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ಮೊದಲು ಬರೀ ಮಾತಾಡಬೇಕು ಎಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446.

ಕೂಡಿ ಹಾಕುವ ಸೆಂಟರ್ ಬಗ್ಗೆ ಕೇಳಿದ್ದೀರಿ. ಎಲ್ಲ ಖಾಸಗಿ ಕೇಂದ್ರಗಳೂ ಕೆಟ್ಟವೆಂದು ಹೇಳಲಾರೆ, ಚೆನ್ನಾಗಿ ನಡೆಸುವವರೂ ಇದ್ದಾರೆ. ಆದರೆ ಗಾಡಿ ತಂದು ಎತ್ತಿಕೊಂಡು ಹೋಗುತ್ತೇವೆ ಎನ್ನುವ ಜಾಗಕ್ಕೆ ಕಾಲಿಡಬೇಡಿ. ದಾರಿಯಲ್ಲೋ, ಬೀಗ ಹಾಕಿದ ಕೋಣೆಯಲ್ಲೋ ಆ ಮೂರನೇ ರಾತ್ರಿ ಮತ್ತೆ ಬಂದರೆ ಅಲ್ಲಿ ನೋಡುವವರು ಯಾರು? ಕಾನೂನಿನ ಪ್ರಕಾರ ಇಂಥ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ರೋಗಿಯ ಒಪ್ಪಿಗೆ ಇಲ್ಲದೆ ಸೇರಿಸಬೇಕಾದ ಸಂದರ್ಭಗಳು ಇಲ್ಲವೆಂದಲ್ಲ, ಅದಕ್ಕೂ ದಾರಿಯಿದೆ: ಮನೋವೈದ್ಯರೂ ಸೇರಿ ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಆಗಲೂ ಮೊದಲಿಗೆ 30 ದಿನದ ಮಿತಿ. ಸರಪಳಿ ಹಾಕುವುದು ಯಾವ ರೂಪದಲ್ಲೂ ನಿಷಿದ್ಧ. ನೋಡಲು ಹೋದಾಗ ಕೇಳಿ: ಮನೋವೈದ್ಯರು ಯಾವ ದಿನ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರಾ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ, ನಾನು ಯಾವಾಗ ಬಂದು ಮಾತಾಡಬಹುದು. "ಎರಡು ತಿಂಗಳು ಮನೆಯವರು ಬರುವ ಹಾಗಿಲ್ಲ" ಎಂದರೆ ಎದ್ದು ಬನ್ನಿ. ಆರು ತಿಂಗಳು ಮದ್ಯವೇ ಸಿಗದ ಜಾಗದಲ್ಲಿ ಕುಡಿಯದೇ ಇರುವುದನ್ನು ಯಾರು ಬೇಕಾದರೂ ಮಾಡಬಹುದು. ಅವರು ಕಲಿಯಬೇಕಾದದ್ದು ಲೋಡ್ ಇಳಿಸಿ, ಬಾಡಿಗೆ ದುಡ್ಡು ಕೈಗೆ ಬಂದ ಸಂಜೆ, ಢಾಬಾದ ಪಕ್ಕದಲ್ಲೇ ಬಾರ್ ಇರುವಾಗ ಹೇಗಿರುವುದು ಎಂಬುದನ್ನು.

ನಮ್ಮ ಭಾಗದಲ್ಲಿ ಹೆಚ್ಚು ಜನ ಹೋಗುವುದು ಧರ್ಮಸ್ಥಳದವರ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿಗೆ. ಸುಮಾರು ವಾರದ ಶಿಬಿರ, ಊರಿನವರದೇ ಉಸ್ತುವಾರಿ, ಕೊನೆಗೆ ಮನೆಯವರನ್ನೂ ಕೂಡಿಸಿಕೊಳ್ಳುತ್ತಾರೆ, ಆಮೇಲೆ ನವಜೀವನ ಸಮಿತಿಯ ಸಭೆಗಳು. ಆ ಮುಂದುವರಿಕೆಯೇ ಅದರ ಬಲ, ಶಿಬಿರ ಮುಗಿದ ಮೇಲೆ ಸಮಿತಿಗೆ ಹೋಗದವರು ಬೇಗ ಜಾರುವುದನ್ನು ಕಂಡಿದ್ದೇನೆ. ನಿಮ್ಮವರು ಅಲ್ಲಿಗೆ ಹೋಗಲು ಒಪ್ಪಿದರೆ ಖಂಡಿತ ಕಳಿಸಿ. ಆದರೆ ಮೊದಲು ಆಸ್ಪತ್ರೆಯಲ್ಲಿ ಡಿಟಾಕ್ಸ್ ಮುಗಿಯಲಿ, ಡಿಟಿ ಆಗಿತ್ತು ಎಂಬುದನ್ನು ಶಿಬಿರದವರಿಗೆ ಮುಚ್ಚಿಡದೆ ಹೇಳಿ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಸಭೆಗಳೂ ಹೀಗೇ. 1935ರಲ್ಲಿ ಅಮೆರಿಕದಲ್ಲಿ ಕುಡಿತ ಬಿಟ್ಟ ಇಬ್ಬರು ಸೇರಿ ಆರಂಭಿಸಿದ್ದು, ಫೀಸಿಲ್ಲ, ಹೆಸರು ಹೇಳಬೇಕಿಲ್ಲ. ಡಾಕ್ಟರ ಮಾತು ಕೇಳದವನು ತನ್ನಂತೆಯೇ ಬಿದ್ದು ಎದ್ದ ಇನ್ನೊಬ್ಬ ಡ್ರೈವರನ ಮಾತು ಕೇಳುತ್ತಾನೆ.

ಅವರನ್ನು ಒಪ್ಪಿಸುವುದು ಹೇಗೆ ಎಂಬುದು ನಿಮ್ಮ ನಿಜವಾದ ತಲೆನೋವು ಇರಬೇಕು. ಕುಡಿದಾಗ ಮಾತಾಡಬೇಡಿ, ನಡುಗುತ್ತಿರುವಾಗಲೂ ಬೇಡ. ಬೆಳಗಿನ ನಡುಕ ಇಳಿದು, ಸಂಜೆಯದ್ದು ಶುರುವಾಗುವ ಮುಂಚಿನ ಹೊತ್ತು ಹಿಡಿಯಿರಿ. ಡಿಟಿಯಲ್ಲಿದ್ದವರಿಗೆ ಆ ರಾತ್ರಿಯ ನೆನಪು ಸರಿಯಾಗಿ ಉಳಿದಿರುವುದಿಲ್ಲ. ಬೈಯದೆ, ಅಳದೆ, ನನಗೆ ಬರೆದ ಹಾಗೇ ಅವರಿಗೂ ಹೇಳಿ: ಇರುವೆ ಅಂದಿರಿ, ಸ್ಟೇರಿಂಗ್ ತಿರುಗಿಸಿದಿರಿ, ನನ್ನ ಗುರುತು ಸಿಗಲಿಲ್ಲ, ನನಗೆ ಹೆದರಿಕೆಯಾಯಿತು. "ಕುಡಿತ ಬಿಡಿಸಲು" ಎನ್ನುವುದಕ್ಕಿಂತ "ಕೈ ನಡುಕಕ್ಕೆ, ನಿದ್ದೆಗೆ ತೋರಿಸೋಣ" ಎಂದರೆ ಬಹಳ ಜನ ಬರುತ್ತಾರೆ. ಅದು ಸುಳ್ಳೂ ಅಲ್ಲ. ಓನರಿಗೆ ಫೋನ್ ಮಾಡಿ "ಜ್ವರ ಬಂದಿದೆ" ಎಂದು ನೀವು ಸುಳ್ಳು ಹೇಳುವುದನ್ನು ಮಾತ್ರ ನಿಲ್ಲಿಸಿ. ಏನೇ ಮಾಡಿದರೂ ಬರದಿದ್ದರೆ ನೀವೊಬ್ಬರೇ ಬನ್ನಿ. ಮನೆಯವರೊಬ್ಬರೇ ಬಂದು ಆಪ್ತಸಮಾಲೋಚನೆ ತೆಗೆದುಕೊಂಡರೂ ಪ್ರಯೋಜನವಿದೆ, ಎಷ್ಟೋ ಗಂಡಂದಿರು ಹೆಂಡತಿ ಬಂದುಹೋದ ಮೇಲೆಯೇ ಬಂದಿದ್ದಾರೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಗುತ್ತಿದೆ. ಬಾರದಿರುವವರೇ ಹೆಚ್ಚು, ನಿಮ್ಮ ಮನೆಯವರು ವಿಶೇಷ ಹಠಮಾರಿಯೇನಲ್ಲ.

ಅಲ್ಲಿಯವರೆಗೆ ಬಾಟಲಿ ಸುರಿದು ಹಾಕುವುದು, ದಿಢೀರನೆ ತಡೆಯುವುದು ಬೇಡ. ಊಟ ಮಾಡಿಸಿ, ಆಸ್ಪತ್ರೆಯ ದಿನವನ್ನು ಆದಷ್ಟು ಹತ್ತಿರ ಇಟ್ಟುಕೊಳ್ಳಿ. ಕುಡಿದು ಲಾರಿ ಹತ್ತಲು ಮಾತ್ರ ಅವರನ್ನು ಯಾವ ಕಾರಣಕ್ಕೂ ಬಿಡಬೇಡಿ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅದು ಅಪರಾಧ, ಬೆಳಗಿನ ಆ ನೈಂಟಿಯಲ್ಲೇ ಅವರು ಅದನ್ನು ದಾಟಿರುತ್ತಾರೆ. ಫಿಟ್ಸ್, ಮತ್ತೆ ಏನೋ ಕಾಣುವುದು, ಜ್ವರದೊಂದಿಗೆ ಗಲಿಬಿಲಿ, ರಕ್ತವಾಂತಿ, ಟಾರಿನಂಥ ಕಪ್ಪು ಮಲ, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ. ಸಾಯುವ ಮಾತಾಡಿದರೂ ಅಷ್ಟೇ, ಕುಡಿದವರ ಮಾತು ಎಂದು ತಳ್ಳಿಹಾಕಬೇಡಿ.

ಬಿಟ್ಟ ಮೇಲೆ ಒಮ್ಮೆಯಾದರೂ ಜಾರುತ್ತಾರೆ ಎಂದೇ ಎಣಿಸಿಕೊಂಡಿರಿ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ. ಜಾತ್ರೆ, ಮದುವೆ, ಬಾಡಿಗೆ ಬಂದ ದಿನ, ಮಾತಿಗೆ ಮಾತು ಬೆಳೆದ ರಾತ್ರಿ. ಜಾರಿದ ಮಾರನೇ ದಿನವೇ ಆಸ್ಪತ್ರೆಗೆ ಬಂದರೆ ಅದು ಒಂದು ದಿನದ ಕುಡಿತ. "ಎಲ್ಲಾ ನೀರಲ್ಲಿ ಹೋಮ ಆಯ್ತು" ಎಂದು ಮನೆಯವರೆಲ್ಲ ಮುಖ ತಿರುಗಿಸಿದರೆ ಅದು ಮತ್ತೆ ಮೂರು ವರ್ಷದ ಕುಡಿತವಾಗುತ್ತದೆ.

ಮಗನ ಬಗ್ಗೆ. ಮದ್ಯದ ಚಟಕ್ಕೆ ಬೀಳುವ ಅಪಾಯದಲ್ಲಿ ಸುಮಾರು ಅರ್ಧದಷ್ಟು ವಂಶವಾಹಿಯಿಂದ ಬರುತ್ತದೆ, ಉಳಿದದ್ದು ಮನೆ, ಗೆಳೆಯರು, ಎಷ್ಟು ಬೇಗ ಶುರು ಮಾಡಿದ ಎಂಬುದರಿಂದ. ಆದ್ದರಿಂದ ಅವನಿಗೆ ಬಂದೇ ಬರುತ್ತದೆ ಎಂದೇನೂ ಇಲ್ಲ, ಬೇರೆ ಹುಡುಗರಿಗಿಂತ ಅಪಾಯ ಹೆಚ್ಚು ಎನ್ನುವುದು ನಿಜ. ಬೇಗ ಶುರು ಮಾಡಿದಷ್ಟೂ ಚಟ ಹತ್ತುವ ಸಾಧ್ಯತೆ ಏರುತ್ತದೆ, ಆದ್ದರಿಂದ ಮೊದಲ ಗುಟುಕನ್ನು ಎಷ್ಟು ಮುಂದೂಡಿದರೆ ಅಷ್ಟು ಲಾಭ. ಕೆಲವರಿಗೆ ಮೊದಮೊದಲು ಎಷ್ಟು ಕುಡಿದರೂ ತಲೆಗೆ ಏರುವುದಿಲ್ಲ. ಗೆಳೆಯರ ನಡುವೆ ಅದು ಹೆಮ್ಮೆಯ ವಿಷಯ, ನಮಗೆ ಅದು ಅಪಾಯದ ಗುರುತು. ಇದನ್ನು ಅವನಿಗೆ ನೇರವಾಗಿಯೇ ಹೇಳಿ. ಆ ರಾತ್ರಿ ಅವನೂ ಮನೆಯಲ್ಲಿದ್ದಿರಬೇಕು. ಅಪ್ಪನಿಗೆ ಆದದ್ದು ಏನು ಎಂದು ಯಾರೂ ಅವನಿಗೆ ವಿವರಿಸಿರಲಾರರು. ಗಾಳಿ ಸೋಕಿತ್ತು ಎಂದೇ ಅವನು ನಂಬಿಕೊಂಡಿದ್ದರೆ ಅದನ್ನು ಬಿಡಿಸಿ ಹೇಳಿ. ಅಪ್ಪನನ್ನು ಬಾರಿನಿಂದ ಕರೆತರಲು ಅವನನ್ನು ಕಳಿಸಬೇಡಿ, ಬೆಳಗಿನ ಪ್ಯಾಕ್ ತರಿಸುವುದಂತೂ ಬೇಡವೇ ಬೇಡ. ಆಸ್ಪತ್ರೆಗೆ ಬರುವ ದಿನ ಅವನಿಗೆ ಶಾಲೆ ತಪ್ಪಿದರೂ ಪರವಾಗಿಲ್ಲ, ಜೊತೆಗೆ ಕರೆದುಕೊಂಡು ಬನ್ನಿ. ಸೈಕಾಲಜಿಸ್ಟ್ ಅವನ ಜೊತೆ ಪ್ರತ್ಯೇಕವಾಗಿ ಅರ್ಧ ಗಂಟೆ ಮಾತಾಡಲಿ. ನಿಮ್ಮ ಹತ್ತಿರ ಕೇಳಲಾಗದ್ದನ್ನು ಅವನು ಅಲ್ಲಿ ಕೇಳುತ್ತಾನೆ.